ಕರಿಕಲ್ಲಿನ ಅಡಿಯಲ್ಲೇನು?

ತಿಕೋಟಾ ಕಡೆಯ ದ್ರಾಕ್ಷಿ ತೋಟವೊಂದರಲ್ಲಿ ಬೋರು ಹೊಡೆಸುವಾಗ ಒಂದು ರಾತ್ರಿ ಪೂರ್ತಿ ಕೂತಿದ್ದೆ. ನನಗಲ್ಲಿ ಕೆಲಸವೇನೂ ಇರಲಿಲ್ಲ; ತೋಟದವರು ಪರಿಚಯದವರು, ನನಗೆ ಕಲ್ಲಿನ ಹುಚ್ಚು. ಮೊದಲು ಹದಿನೈದು ಅಡಿ ಗರಸು ಬಂತು. ಆಮೇಲೆ ಬೂದಿಬಣ್ಣದ ಪುಡಿ, ಗಿರಣಿಯಲ್ಲಿ ಜೋಳದ ಹಿಟ್ಟು ಏಳುವ ಹಾಗೆ ಬುಸುಬುಸು ಎದ್ದು ಬಳ್ಳಿಗಳ ಮೇಲೆಲ್ಲ ಕೂತಿತು. ಎರಡು ತಾಸು ಅದೇ ಬೂದಿ, ಅದೇ ಸದ್ದು. ನೂರಾ ಎಂಬತ್ತು ಅಡಿಯ ಸುಮಾರಿಗೆ ಪುಡಿ ಇದ್ದಕ್ಕಿದ್ದಂತೆ ಕೆಂಪಾಯಿತು, ಹಂಚು ಕುಟ್ಟಿ ಹಾಕಿದಂತೆ. “ಕೆಂಪು ಬಂತ್ರೀ” ಎಂದು ಮಷಿನ್ನಿನ ಹುಡುಗ ಕೂಗಿದ. ಎಲ್ಲರೂ ಎದ್ದು ನಿಂತರು. ಕೆಂಪಿನ ಬೆನ್ನಿಗೆ ನೀರಿರುತ್ತದೆ ಎಂಬುದು ಆ ಕಡೆಯ ನಂಬಿಕೆ. ಒಮ್ಮೊಮ್ಮೆ ನಿಜವೂ ಆಗುತ್ತದೆ. ಆವತ್ತು ಒಂದಿಷ್ಟು ಹಸಿ ಕಂಡಿತು, ಅಷ್ಟೆ. ಹತ್ತು ಅಡಿಯಲ್ಲಿ ಕೆಂಪು ಮುಗಿದು ಮತ್ತೆ ಬೂದಿ ಶುರುವಾಯಿತು. ಒಂದು ಹಿಡಿ ಕೆಂಪು ಪುಡಿಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡೆ.

ಬೂದಿ ಪುಡಿ ನಮ್ಮ ಕರಿಕಲ್ಲಿನದು. ಸುಮಾರು 6.6 ಕೋಟಿ ವರ್ಷದ ಹಿಂದೆ ನೆಲ ಸೀಳಿ ಉಕ್ಕಿದ ಲಾವಾ ಪದರ ಪದರವಾಗಿ ಹರಿದು ಹೆಪ್ಪುಗಟ್ಟಿದ್ದು. ಮಹಾರಾಷ್ಟ್ರ, ಮಧ್ಯಪ್ರದೇಶ, ಗುಜರಾತ್, ನಮ್ಮ ಉತ್ತರದ ಅಂಚು ಸೇರಿ ಇವತ್ತಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲ ಅದರ ಕೆಳಗಿದೆ. ಒಂದು ಹರಿವು ಆರಿ, ಮುಂದಿನದು ಬರುವ ಮೊದಲು ಬಹಳ ಕಾಲ ಹೋದರೆ, ಮೇಲ್ಮೈ ಮಳೆಗಾಳಿಗೆ ಶಿಥಿಲವಾಗಿ ಮಣ್ಣಾಗುತ್ತಿತ್ತು. ಆ ಮಣ್ಣಿನ ಮೇಲೆ ಮತ್ತೆ ಕುದಿಯುವ ಲಾವಾ. ಅದರಡಿ ಸುಟ್ಟು ಕೆಂಪಾದ ಮಣ್ಣೇ ಆ ಹತ್ತು ಅಡಿ. ಹಾಗಿದ್ದರೆ ಇನ್ನೂ ಕೊರೆದರೆ? ಬೂದಿ, ಕೆಂಪು, ಬೂದಿ, ಕೆಂಪು ಎಂದು ಎಲ್ಲಿಯವರೆಗೆ? ಕಟ್ಟಕಡೆಯ ಹರಿವಿನ ಕೆಳಗೆ ಲಾವಾ ಬರುವುದಕ್ಕೂ ಮುಂಚಿನ ನೆಲವೊಂದು ಇರಲೇಬೇಕು. ಅದು ಗ್ರಾನೈಟಿನ ಬೋಳು ಬಂಡೆಯೋ, ಬಾದಾಮಿಯ ಮರಳುಗಲ್ಲೋ, ತಾಳಿಕೋಟಿಯ ಸುಣ್ಣಗಲ್ಲೋ? ವಿಜಯಪುರದ ಭೂಚರಿತ್ರೆಯನ್ನು ಕುರಿತ ಪ್ರಶ್ನೆಗಳೆಲ್ಲ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತವೆ.

ಭೂತನಾಳದ ಕೆರೆಯ ದಂಡೆಯಲ್ಲಿ ನಿಂತು ನೋಡಿದರೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ನಗರದ ಮಗ್ಗುಲಿಗೇ ಇರುವ ಕೆರೆ, ಒಂದು ಕಾಲಕ್ಕೆ ಊರಿಗೆ ನೀರು ಕೊಟ್ಟ ಕೆರೆ. ಸುತ್ತ ಕಾಣುವುದು ಕರಿಕಲ್ಲು, ಎರಿ ಮಣ್ಣು, ಮಡ್ಡಿ, ಈಚೆಗೆ ನೆಟ್ಟ ಗಿಡಗಳು. ಪದರುಗಲ್ಲು ಎನ್ನುವಂಥದ್ದು ಒಂದು ಚೂರೂ ಇಲ್ಲ. ಶಾಲೆಯ ಪುಸ್ತಕ ಅದನ್ನು ಜಲಜಶಿಲೆ ಎಂದು ಕರೆಯುತ್ತದೆ. ನೀರಿನಲ್ಲಿ ಹುಟ್ಟಿದ್ದು ಎಂಬ ಅರ್ಥ ಹೇಳಿಕೊಡುವಾಗ ನಮ್ಮ ಮಾಸ್ತರರೂ ನಗುತ್ತಿದ್ದರು, ನಾವೂ ನಗುತ್ತಿದ್ದೆವು. ಬಿಂದಿಗೆ ಹಿಡಿದು ಟ್ಯಾಂಕರಿನ ಹಿಂದೆ ಓಡುವ ಊರಿನಲ್ಲಿ ಕಲ್ಲು ನೀರಲ್ಲಿ ಹುಟ್ಟಿತಂತೆ!

ನಮ್ಮದು ಮರುಭೂಮಿ ಎಂದು ಸರ್ಕಾರವೇ ಒಮ್ಮೆ ಬರೆದುಕೊಂಡಿತ್ತು ಎಂಬುದು ಹೊಸ ತಲೆಮಾರಿನವರಿಗೆ ಗೊತ್ತಿರಲಿಕ್ಕಿಲ್ಲ. ಕೇಂದ್ರದ ಮರುಭೂಮಿ ಅಭಿವೃದ್ಧಿ ಕಾರ್ಯಕ್ರಮ 1977-78ರಲ್ಲಿ ಶುರುವಾದಾಗ ರಾಜಸ್ಥಾನ, ಗುಜರಾತ್, ಹರಿಯಾಣದ ಬಿಸಿ ಮರುಭೂಮಿಗೂ ಹಿಮಾಲಯದ ಆಚೆಯ ಶೀತ ಮರುಭೂಮಿಗೂ ಮೀಸಲಾಗಿತ್ತು. ಸಿ.ಎಚ್. ಹನುಮಂತ ರಾವ್ ಸಮಿತಿ 1994ರಲ್ಲಿ ವರದಿ ಕೊಟ್ಟ ಮೇಲೆ, 1995ರಿಂದ ಬಿಜಾಪುರ (ಈಗಿನ ನಮ್ಮ ವಿಜಯಪುರ), ಬಳ್ಳಾರಿ, ರಾಯಚೂರುಗಳೂ ಆ ಪಟ್ಟಿಗೆ ಸೇರಿದವು. ಜಿಲ್ಲೆಯ ವಾರ್ಷಿಕ ಮಳೆ 600 ಮಿಲಿಮೀಟರಿನ ಆಸುಪಾಸು. 250ಕ್ಕಿಂತ ಕಡಿಮೆ ಬಿದ್ದರೆ ಮಾತ್ರ ಮರುಭೂಮಿ ಎನ್ನುವುದು ಭೂಗೋಳದ ವಾಡಿಕೆ. ಆದರೆ ಮಳೆಗಿಂತ ಹಲವು ಪಟ್ಟು ನೀರು ಬಿಸಿಲಿಗೆ ಆವಿಯಾಗಿ ಹೋಗುವ ಊರಲ್ಲಿ ಬಿದ್ದದ್ದೆಷ್ಟು ಎನ್ನುವುದಕ್ಕಿಂತ ಉಳಿದದ್ದೆಷ್ಟು ಎಂಬ ಲೆಕ್ಕವೇ ದೊಡ್ಡದು. ಆ ಲೆಕ್ಕ ಹಾಕಿದವರ ಮೇಲೆ ನನಗೆ ಸಿಟ್ಟಿಲ್ಲ. 2009-10ರ ಹೊತ್ತಿಗೆ ಆ ಕಾರ್ಯಕ್ರಮ ಜಲಾನಯನ ಯೋಜನೆಯೊಳಗೆ ಕರಗಿತು; ನಾವು ಕಾಗದದ ಮೇಲೆ ಮರುಭೂಮಿಯಾಗಿದ್ದೆವು, ಕಾಗದದ ಮೇಲೆಯೇ ಹಸನಾದೆವು.

ಕಾಗದದ ಮೇಲಿನ ಈ ಮರುಭೂಮಿಯ ಅಂಚಿನಲ್ಲೇ, ನೀರಿನಲ್ಲಿ ಹುಟ್ಟಿದ ಬಹು ಹಳೆಯ ಪದರುಗಲ್ಲಿನ ಎರಡು ಹಾಸುಗಳಿವೆ. ದಕ್ಷಿಣಕ್ಕೆ ಕಲಾದಗಿಯದು, ಪೂರ್ವಕ್ಕೆ ಭೀಮೆಯದು.

ಕಲಾದಗಿ ಎಂದರೆ ಈಗ ಚಿಕ್ಕು, ದಾಳಿಂಬೆ. ಒಂದು ಕಾಲಕ್ಕೆ ಅದು ಜಿಲ್ಲಾ ಕೇಂದ್ರ. ನಮ್ಮ ಜಿಲ್ಲೆಯ ಹೆಸರೇ ಕಲಾದಗಿ ಜಿಲ್ಲೆ. ಕಚೇರಿ ಬಿಜಾಪುರಕ್ಕೆ ಬಂದದ್ದು 1885ರಲ್ಲಿ. ಅದಕ್ಕೂ ಒಂಬತ್ತು ವರ್ಷ ಮುಂಚೆ, 1876ರಲ್ಲಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ದಕ್ಷಿಣ ಮರಾಠಾ ಸೀಮೆಯ ಭೂರಚನೆಯ ಮೇಲೆ ದೊಡ್ಡ ವರದಿ ಪ್ರಕಟಿಸಿದ. ಮದ್ರಾಸಿನ ಪಲ್ಲಾವರಂನಲ್ಲಿ 1863ರಲ್ಲಿ ಕಲ್ಲಿನ ಕೊಡಲಿ ಹುಡುಕಿ ಭಾರತದ ಶಿಲಾಯುಗದ ಅಧ್ಯಯನಕ್ಕೆ ದಾರಿ ತೆಗೆದವನೂ ಅವನೇ. ಘಟಪ್ರಭೆ, ಮಲಪ್ರಭೆಯ ದಂಡೆಗುಂಟ ಸುತ್ತಿ, ಗ್ರಾನೈಟಿಗಿಂತ ಕಿರಿಯದೂ ಕರಿಕಲ್ಲಿಗಿಂತ ಹಿರಿಯದೂ ಆದ ಪದರುಗಲ್ಲುಗಳಿಗೆ ಕಲಾದಗಿ ಸರಣಿ ಎಂದು ಹೆಸರಿಟ್ಟ. ಕಚೇರಿ ಹೋಯಿತು, ಜಿಲ್ಲೆಯ ಹೆಸರು ಹೋಯಿತು, 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಗಿ ಕಲಾದಗಿ ಅತ್ತ ಸೇರಿತು. ಫೂಟ್ ಕಲ್ಲಿಗೆ ಇಟ್ಟ ಹೆಸರು ಮಾತ್ರ ಜಗತ್ತಿನ ಭೂವಿಜ್ಞಾನದ ಪತ್ರಿಕೆಗಳಲ್ಲಿ ನಿಂತಿದೆ. ಆಮೇಲೆ ಬಂದವರು ಒಂದೊಂದು ಪದರಕ್ಕೂ ಒಂದೊಂದು ಹಳ್ಳಿಯ ಹೆಸರು ಕೊಟ್ಟರು: ಸವದತ್ತಿ, ಚಿತ್ರಭಾನುಕೋಟ, ಚಿಕ್ಕಶೆಲ್ಲಿಕೇರಿ, ಮುಚಖಂಡಿ, ಗೋವಿಂದಕೊಪ್ಪ. ತಮ್ಮ ಊರು ಒಂದು ಕಲ್ಲುಪದರದ ಹೆಸರೆಂದು ಅಲ್ಲಿಯ ಎಷ್ಟು ಜನಕ್ಕೆ ಗೊತ್ತೋ. ಗೊತ್ತಾದರೆ ಬಸ್‌ಸ್ಟ್ಯಾಂಡಿನಲ್ಲಿ ಒಂದು ಬೋರ್ಡು ಹಾಕಿಸಬಹುದು.

ಈ ಹಾಸು ಎರಡು ಅಂತಸ್ತಿನದು. ಕೆಳಗಿನದು ಬಾಗಲಕೋಟೆ ಸಮೂಹ, ಮೇಲಿನದು ಬಾದಾಮಿ ಸಮೂಹ. ವ್ಯತ್ಯಾಸ ತಿಳಿಯಲು ಪುಸ್ತಕವೇ ಬೇಕೆಂದಿಲ್ಲ, ಬಸ್ಸಿನ ಕಿಟಕಿ ಸಾಕು. ಬಾಗಲಕೋಟೆ, ಲೋಕಾಪುರದ ಕಡೆ ಪದರಗಳು ಓರೆಯಾಗಿ, ಕೆಲವೆಡೆ ನೆಟ್ಟಗೆ ಎದ್ದು ನಿಂತಿರುತ್ತವೆ. ನೆಲ ಇಕ್ಕಟ್ಟಿಗೆ ಸಿಕ್ಕು ಮಡಚಿಕೊಂಡದ್ದರ ಗುರುತು. ಬಾದಾಮಿಗೆ ಬಂದರೆ ಒಂದರ ಮೇಲೊಂದು ಪೇರಿಸಿದ ರೊಟ್ಟಿಯ ಹಾಗೆ ಮಟ್ಟಸ. ಕೆಳಗಿನದು ಕೂತು, ಗಟ್ಟಿಯಾಗಿ, ಮಡಚಿ, ಮೇಲೆದ್ದು, ಸವೆದು ಹೋದ ಮೇಲೆ ಮೇಲಿನದು ಬಂದು ಕೂತಿತು. ಎರಡರ ನಡುವಿನ ಗೆರೆಯ ಮೇಲೆ ಕೈಯಿಟ್ಟರೆ ಅಂಗೈಯಡಿ ಕೋಟ್ಯಂತರ ವರ್ಷ ಕಾಣೆಯಾಗಿರುತ್ತವೆ.

ವಯಸ್ಸಿನ ಜಗಳ ಇನ್ನೂ ಮುಗಿದಿಲ್ಲ. ಈ ಕಲ್ಲುಗಳಲ್ಲಿ ಚಿಪ್ಪು, ಮೂಳೆ, ಎಲೆ ಯಾವುದೂ ಸಿಗದು, ಅಂಥ ಜೀವಿಗಳು ಆಗಿನ್ನೂ ಹುಟ್ಟಿರಲಿಲ್ಲ. ಸಿಗುವುದು ಸುಣ್ಣಗಲ್ಲು, ಡಾಲೊಮೈಟುಗಳಲ್ಲಿ ಸೂಕ್ಷ್ಮಜೀವಿಗಳ ಲೋಳೆಪದರ ಕಟ್ಟಿದ ಗುಮ್ಮಟದಾಕಾರದ ಗುರುತು, ಸ್ಟ್ರೊಮಾಟೊಲೈಟು. ಅದರಿಂದ ಕಾಲ ಹೇಳುವುದು ಬೆರಳಚ್ಚು ನೋಡಿ ವಯಸ್ಸು ಹೇಳಿದಂತೆ. ಬೇರೆ ದಾರಿ ಎಂದರೆ ಪದರುಗಳನ್ನು ಸೀಳಿ ನುಗ್ಗಿದ ಅಗ್ನಿಶಿಲೆಯ ವಯಸ್ಸು ಕಟ್ಟುವುದು. ಗೋಡೆಗೆ ಹೊಡೆದ ಮೊಳೆಗಿಂತ ಗೋಡೆ ಹಳೆಯದಿರಲೇಬೇಕಲ್ಲ. ಮಲ್ಲಾಪುರದ ಬಳಿ ಬಾಗಲಕೋಟೆ ಸಮೂಹದೊಳಕ್ಕೆ ನುಗ್ಗಿದ ಅಂಥ ಶಿಲೆಗೆ ಆರ್ಗಾನ್ ವಿಧಾನದಲ್ಲಿ ಸುಮಾರು 115 ಕೋಟಿ ವರ್ಷ ಎಂಬ ಲೆಕ್ಕ 2018ರಲ್ಲಿ ಹೊರಬಂತು. ಕೆಳಗಿನ ಅಂತಸ್ತು ಅದಕ್ಕಿಂತ ಹಿಂದಿನದು. ಮೇಲಿನದು, ಬಾದಾಮಿಯದು, ತೊಂಬತ್ತು ಕೋಟಿಯ ಹಿಂದುಮುಂದು ಎಂಬುದು ಹಲವರ ಅಂದಾಜು. ನಮ್ಮ ಕರಿಕಲ್ಲು ಇವುಗಳ ಮುಂದೆ ಮೊನ್ನೆ ಹುಟ್ಟಿದ ಕೂಸು.

ಬಾದಾಮಿಯ ಮೂರನೆಯ ಗುಹೆ ಮಂಗಲೇಶ ಕ್ರಿ.ಶ. 578ರಲ್ಲಿ ಮಾಡಿಸಿದ್ದು. ಜನ ಅಲ್ಲಿಯ ವಿಷ್ಣುವನ್ನು ನೋಡುತ್ತಾರೆ. ನಾನು ಹೋದಾಗಲೆಲ್ಲ ವಿಷ್ಣುವಿಗೆ ಕೈಮುಗಿದು ಆಚೆ ಬಂಡೆಯ ಮೈ ನೋಡುತ್ತೇನೆ. ಮಟ್ಟಸವಾದ ಎರಡು ಗೆರೆಗಳ ನಡುವೆ ಓರೆ ಗೆರೆಗಳ ಸಾಲು, ಅದರ ಮೇಲೆ ಮತ್ತೊಂದು ಸಾಲು, ಬಾಚಣಿಕೆಯಿಂದ ಗೀರಿದಂತೆ. ಹರಿವ ನೀರು ಮರಳನ್ನು ದಿಬ್ಬವಾಗಿ ತಳ್ಳಿ, ದಿಬ್ಬದ ಇಳಿಮೈಗೆ ಕಾಳು ಕಾಳಾಗಿ ಉರುಳಿಸಿದ ಗುರುತು ಅವು. ಗೆರೆ ಯಾವ ಕಡೆ ವಾಲಿದೆಯೋ ಆ ಕಡೆಗೆ ಅಂದು ಹೊಳೆ ಹರಿದಿತ್ತು. ಗಾಳಿಯೂ ಮರಳನ್ನು ಹೀಗೇ ಪೇರಿಸುತ್ತದೆ. ಅಮೆರಿಕದ ಯೂಟಾದಲ್ಲಿ ನವಾಹೊ ಮರಳುಗಲ್ಲು ಎಂಬುದಿದೆ. ಅದು ನಿಜವಾದ ಮರುಭೂಮಿಯ ದಿಬ್ಬಗಳೇ ಕಲ್ಲಾದದ್ದು, ಅಲ್ಲಿ ಒಂದೊಂದು ಓರೆ ಸಾಲೂ ಮನೆಯೆತ್ತರ. ಬಾದಾಮಿಯವು ಸಾಮಾನ್ಯವಾಗಿ ಗೇಣು, ಮೊಳದ ಅಳತೆಯವು. ಜಾಲ ಜಾಲವಾಗಿ ಹರಡಿ ಹರಿದ ಹೊಳೆಗಳು, ಅಲೆ ಬಂದು ಹೋಗುವ ಆಳವಿಲ್ಲದ ಕಡಲ ದಂಡೆ: ಈ ಕಲ್ಲು ಓದಿದವರಲ್ಲಿ ಹೆಚ್ಚಿನವರ ತೀರ್ಮಾನ ಇದು. ಮರುಭೂಮಿಯಲ್ಲಿ ಸಿಗುವ ಕಲ್ಲು ಮರುಭೂಮಿಯಲ್ಲೇ ಹುಟ್ಟಿರಬೇಕಿಲ್ಲ. ಥಾರ್‌ನ ಅಂಚಿನ ಜೋಧಪುರದ ಮೆಹರಾನ್‌ಗಢ ಕಟ್ಟಿದ ಮರಳುಗಲ್ಲು ಸಹ ನೀರು ತಂದು ಹಾಕಿದ್ದೇ.

ಆದರೆ ಇನ್ನೊಂದು ಅರ್ಥದಲ್ಲಿ ಬಾದಾಮಿಯ ಕಲ್ಲು ಮರುಭೂಮಿಯ ಮಗುವೇ ಸರಿ, ನನಗೆ ಎಲ್ಲಕ್ಕಿಂತ ಸೋಜಿಗವೆನಿಸುವ ಸಂಗತಿ ಇದು. ನೆಲದ ಮೇಲೆ ಗಿಡ ಬಂದು ಸುಮಾರು 47 ಕೋಟಿ ವರ್ಷ. ಅದಕ್ಕೂ ಮುಂಚೆ ಎಷ್ಟೇ ಮಳೆ ಸುರಿದರೂ ಭೂಮಿಯ ಮೇಲೆ ಒಂದು ಹುಲ್ಲುಕಡ್ಡಿ ಇರಲಿಲ್ಲ. ಮಣ್ಣು ಹಿಡಿಯುವ ಬೇರಿಲ್ಲ, ಹೊಳೆಗೆ ದಂಡೆ ಎಂಬುದೇ ಇಲ್ಲ; ಮಳೆ ಬಂದರೆ ನೀರು ಮೈಲಿಗಟ್ಟಲೆ ಅಗಲಕ್ಕೆ ಹಾಳೆಯಾಗಿ ಹರಿದು ಕೆಸರನ್ನೆಲ್ಲ ತೊಳೆದೊಯ್ದು, ತಿರುಗಿ ತಿರುಗಿ ಉರುಳಿಸಿ, ಬಿಳಿ ಸ್ಫಟಿಕ ಕಲ್ಲಿನ ಕಾಳಷ್ಟನ್ನೇ ಉಳಿಸುತ್ತಿತ್ತು. ಬಾದಾಮಿಯ ಮರಳು ಅಷ್ಟು ಶುದ್ಧವಾಗಿರುವುದಕ್ಕೆ ಅದೂ ಒಂದು ಕಾರಣ. ಇಡೀ ಭೂಮಿಯೇ ಮಳೆ ಬೀಳುವ ಮರುಭೂಮಿ ಆಗಿದ್ದ ಕಾಲ. ಬಾದಾಮಿಯ ಕಲ್ಲಿನ ಕೆಂಪು ಕಬ್ಬಿಣದ ತುಕ್ಕಿನದು, ಕಾಳಿನ ಮೈಗೆ ಹಚ್ಚಿದ ತೆಳು ಬಣ್ಣ.

ಚಾಲುಕ್ಯರ ಒಡ್ಡರಿಗೆ ಇದಾವುದೂ ಬೇಕಿರಲಿಲ್ಲ, ಕಲ್ಲಿನ ಗುಣ ಮಾತ್ರ ಚೆನ್ನಾಗಿ ಗೊತ್ತಿತ್ತು. ಪದರಿನಗುಂಟ ಬೆಣೆ ಹೊಡೆದರೆ ಚಪ್ಪಡಿ ತಾನಾಗಿ ಏಳುತ್ತದೆ. ಐಹೊಳೆಯ ಮೇಗುತಿಯಲ್ಲಿ, ರವಿಕೀರ್ತಿಯ 634-35ರ ಶಾಸನವಿರುವ ಬಸದಿಯ ಹಿಂದೆಯೇ, ಅದಕ್ಕಿಂತ ಎಷ್ಟೋ ಹಳೆಯ ಕಲ್ಮನೆಗಳಿವೆ. ನಾಲ್ಕು ಚಪ್ಪಡಿ ನಿಲ್ಲಿಸಿ ಒಂದು ಚಪ್ಪಡಿ ಮುಚ್ಚಿದ ಗೋರಿಗಳು. ಕಲ್ಲು ಒಂದೇ, ಸೀಳುವ ಕೈಚಳಕವೂ ಒಂದೇ. ಕಲ್ಲೇ ಕಟ್ಟಡವನ್ನು ತೀರ್ಮಾನಿಸುತ್ತದೆ ಎನ್ನುವವರಿದ್ದಾರೆ. ಅಷ್ಟು ಸರಳವಾಗಿ ಒಪ್ಪಲಾರೆ. ಉಳಿ ತಿರುಗಿಸುವ ಕರಿಕಲ್ಲಿನಲ್ಲಿ ಇಬ್ರಾಹಿಂ ರೋಜಾದ ಕಿಟಕಿಗಳಿಗೆ ಅಕ್ಷರಗಳನ್ನೇ ಜಾಲರಿಯಾಗಿ ಕೊರೆದವರು ನಮ್ಮ ಊರಿನಲ್ಲೇ ಇದ್ದರು.

ಇನ್ನು ಪೂರ್ವದ ಹಾಸು. ತಾಳಿಕೋಟಿ ಎಂದರೆ ಇತಿಹಾಸದವರಿಗೆ 1565ರ ಯುದ್ಧ, ಭೂವಿಜ್ಞಾನಿಗೆ ಸುಣ್ಣಗಲ್ಲು. ಡೋಣಿ ನದಿಯ ಗುಂಟ ಹೋದರೆ ದಾರಿ ತಪ್ಪುವುದಿಲ್ಲ. ಬೆಳೆದರೆ ಓಣೆಲ್ಲ ಕಾಳು ಎಂದು ಹೆಸರು ಪಡೆದ ಅದೇ ಡೋಣಿ, ಉಪ್ಪು ನೀರಿನ ಡೋಣಿ, ಕರಿಕಲ್ಲಿನ ನಾಡಿನಲ್ಲಿ ಹುಟ್ಟಿ ವಿಜಯಪುರದ ಎರಿ ಹೊಲಗಳನ್ನು ದಾಟಿ ತಾಳಿಕೋಟಿಯ ಹೊತ್ತಿಗೆ ಸುಣ್ಣಗಲ್ಲಿನ ಸೀಮೆಗೆ ಇಳಿದಿರುತ್ತದೆ. ಅಲ್ಲಿಂದ ಸುರಪುರ, ಶಹಾಪುರ, ಶಹಾಬಾದ, ಸೇಡಂವರೆಗೆ ಸುಮಾರು 5,200 ಚದರ ಕಿಲೋಮೀಟರ್ ಭೀಮಾ ಹಾಸು. ಒಟ್ಟು ದಪ್ಪ ಮುನ್ನೂರು ಮೀಟರಿನ ಸುಮಾರು. ಸಾವಿರಾರು ಮೀಟರ್ ದಪ್ಪದ ಕಲಾದಗಿಯ ಮುಂದೆ ತೆಳು.

ಈ ಕಲ್ಲನ್ನು ನೋಡಲು ಎಲ್ಲಿಗೂ ಹೋಗಬೇಕಿಲ್ಲ, ಕಾಲಕೆಳಗೇ ಇದೆ. ನಮ್ಮ ಹಳೆ ಮನೆಯ ಪಡಸಾಲೆಗೆ ಹಾಸಿದ ಶಹಾಬಾದ ಪರಸಿ ಅದೇ. ಬೂದಿನೀಲಿ, ಅಲ್ಲಲ್ಲಿ ನಸುಗೆಂಪು. ಬೇಸಿಗೆಯ ಮಧ್ಯಾಹ್ನ ನೀರು ಚಿಮುಕಿಸಿ ಒರೆಸಿ ಅದರ ಮೇಲೆ ಬರಿ ಮೈಯಲ್ಲಿ ಮಲಗಿದವನಿಗೆ ಮಾತ್ರ ಅದರ ಬೆಲೆ ಗೊತ್ತು. ಹಾಗೆ ಕವುಚಿ ಮಲಗಿ ಕಣ್ಣನ್ನು ನೆಲಕ್ಕೆ ಹತ್ತಿರ ತಂದರೆ ಕಲ್ಲಿನೊಳಗೆ ಹಲ್ಲು ಹಲ್ಲಾದ ಕಪ್ಪು ಗೆರೆಯೊಂದು ಓಡುವುದು ಕಾಣುತ್ತದೆ, ಜ್ವರ ಅಳೆಯುವ ನಕ್ಷೆಯ ಹಾಗೆ ಏರಿಳಿಯುತ್ತ. ಮೇಲಿನ ಭಾರಕ್ಕೆ ಸುಣ್ಣ ಕರಗಿಹೋಗಿ, ಕರಗಲಾರದ ಜೇಡಿ ಆ ಗೆರೆಯಲ್ಲಿ ಉಳಿದದ್ದು ಅದು. ಬಿರುಕಿನಲ್ಲಿ ತುಂಬಿದ ಬಿಳಿ ದಾರಗಳು ಮತ್ತೆ ಹರಳುಗಟ್ಟಿದ ಸುಣ್ಣ. ತಿಳಿಯಾದ, ಶಾಂತವಾದ ಕಡಲ ತಳ ಅಂಗುಲ ಅಂಗುಲವಾಗಿ ಮೇಲೇರಿದ ಲೆಕ್ಕಪುಸ್ತಕದ ಮೇಲೆ ನಾವು ಉಂಡೆವು, ಮಲಗಿದೆವು, ಚೌಕಾಬಾರದ ಮನೆ ಗೀಚಿದೆವು.

ಈ ಕಲ್ಲನ್ನು ಮೊದಲು ಕಿತ್ತವರು ಶಹಾಬಾದಿನ ಗಣಿಯವರಲ್ಲ. ಹುಣಸಗಿ ಹತ್ತಿರದ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಮತ್ತು ಸಂಗಡಿಗರು 1997ರಿಂದ 2001ರವರೆಗೆ ಅಗೆದರು. ಸುಣ್ಣಗಲ್ಲಿನ ಹಾಸು ತಾನಾಗಿ ಒಡೆದು ಎದ್ದ ಕಡೆ ಚಪ್ಪಡಿ ಎತ್ತಿ, ಅಲ್ಲೇ ಕೂತು ಕೊಡಲಿ ಕೆತ್ತಿದ ಜಾಗ ಸಿಕ್ಕಿತು: ಅರೆಬರೆ ಆಯುಧ, ಚಕ್ಕೆಗಳ ರಾಶಿ, ಬಡಿಯುವ ಗುಂಡುಗಲ್ಲು. ಅಲ್ಲಿ ದೊರೆತ ಪ್ರಾಣಿಗಳ ಹಲ್ಲಿನಿಂದ ಕಟ್ಟಿದ ಕಾಲ ಸುಮಾರು 12 ಲಕ್ಷ ವರ್ಷ. ಕೆತ್ತಿದವರು ನಮ್ಮ ಜಾತಿಯ ಮನುಷ್ಯರೂ ಆಗಿರಲಿಲ್ಲ. ಇಂದು ಅದೇ ಹಾಸಿನ ಸುಣ್ಣಗಲ್ಲು ವಾಡಿ, ಸೇಡಂ ಕಡೆಯ ಸಿಮೆಂಟಿಗೆ ಹೋಗುತ್ತದೆ. ಗೋಗಿಯ ಬಳಿ ಅದರ ಬಿರುಕಿನಲ್ಲಿ ಯುರೇನಿಯಂ ಸಿಕ್ಕಿ, ತಮ್ಮ ಬಾವಿಯ ನೀರೇನಾದೀತು ಎಂಬ ಆತಂಕ ಊರವರಿಗೆ ಹತ್ತಿದೆ.

ಹೀಗೆ ದಕ್ಷಿಣಕ್ಕೆ ಮರಳುಗಲ್ಲು, ಪೂರ್ವಕ್ಕೆ ಸುಣ್ಣಗಲ್ಲು. ಎರಡೂ ಕರಿಕಲ್ಲಿನ ಅಂಚಿಗೆ ಬಂದು ಅದರಡಿ ನುಸುಳುತ್ತವೆ, ಚಾಪೆಯ ಕೆಳಗೆ ಜಮಖಾನೆ ಸರಿದಂತೆ. ಎಷ್ಟು ದೂರ ಹೋಗಿವೆ? ಕಲಾದಗಿಯದೇ ಎನ್ನುವಂಥ ಕಲ್ಲುಗಳು ಘಟ್ಟದಾಚೆ ಕೊಂಕಣದಲ್ಲಿ, ಸಿಂಧುದುರ್ಗ ಜಿಲ್ಲೆಯಲ್ಲಿ, ಲಾವಾ ಸವೆದುಹೋದ ಕಡೆ ಮತ್ತೆ ತಲೆ ಎತ್ತುತ್ತವೆ. ಅಂದರೆ ಪಶ್ಚಿಮಕ್ಕಂತೂ ಹಾಸು ಬಹುದೂರ ಹೋಗಿದೆ. ಉತ್ತರಕ್ಕೆ? ಆಳವಾಗಿ ಕೊರೆದ ಎರಡು ಬಾವಿಗಳ ಸಾಕ್ಷಿ ಇದೆ, ಎರಡೂ ಭೂಕಂಪದ ದೆಸೆಯಿಂದ ಆದವು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ ಜಿಲ್ಲೆಯ ಕಿಲ್ಲಾರಿ ನೆಲಸಮವಾದ ಮೇಲೆ ಅಲ್ಲಿ 617 ಮೀಟರ್ ಕೊರೆದರು: 338 ಮೀಟರ್ ಕರಿಕಲ್ಲು, ಅದರ ಕೆಳಗೆ 8 ಮೀಟರ್ ಪದರುಗಲ್ಲು, ಆಮೇಲೆ ಬುಡದ ಹಳೆ ಶಿಲೆ. ಕೊಯ್ನಾದಲ್ಲಿ ಕೊರೆದಾಗ ಸುಮಾರು 930 ಮೀಟರ್ ಕರಿಕಲ್ಲು ಮುಗಿದದ್ದೇ ತಡ ನೇರವಾಗಿ ಗ್ರಾನೈಟು ಜಾತಿಯ ಶಿಲೆ, ನಡುವೆ ಪದರುಗಲ್ಲಿನ ಹೆಸರಿಲ್ಲ. ಹಾಗಾಗಿ ಹಾಸು ಎಲ್ಲೆಡೆ ಇದೆ ಎನ್ನುವವರ ಮಾತೂ ನಿಲ್ಲುವುದಿಲ್ಲ, ಎಲ್ಲೂ ಇಲ್ಲ ಎನ್ನುವವರದೂ ನಿಲ್ಲುವುದಿಲ್ಲ. ಲಾವಾ ಬರುವ ಮುಂಚೆ ಇಲ್ಲಿ ಗುಡ್ಡವಿತ್ತು, ತಗ್ಗಿತ್ತು. ಗುಡ್ಡದ ಮೇಲೆ ಸವೆದದ್ದು ತಗ್ಗಿನಲ್ಲಿ ಉಳಿದೀತು. ಭೂತನಾಳ ಆ ಹಳೆ ನೆಲದ ಗುಡ್ಡದ ಮೇಲಿದೆಯೋ ತಗ್ಗಿನ ಮೇಲಿದೆಯೋ ಎಂಬುದಷ್ಟೇ ಪ್ರಶ್ನೆ. ದಕ್ಷಿಣದಲ್ಲೂ ಪೂರ್ವದಲ್ಲೂ ಹಾಸು ಇಷ್ಟು ಸಮೀಪ ಬಂದಿರುವಾಗ, ನಾನು ಪಣ ಕಟ್ಟುವುದಾದರೆ ತಗ್ಗಿಗೇ ಕಟ್ಟುತ್ತೇನೆ.

ಗೊತ್ತಾದರೆ ಲಾಭವೇನು ಎಂದು ತೋಟದವರು ಕೇಳಿದರು. ನ್ಯಾಯವಾದ ಪ್ರಶ್ನೆ. ಕರಿಕಲ್ಲು ಗಟ್ಟಿಯಿದ್ದಲ್ಲಿ ನೀರು ಹಿಡಿಯದು, ತೂತು ಬಿದ್ದ ಪದರದಲ್ಲಿ, ಬಿರುಕಿನಲ್ಲಿ, ಕೊಳೆತ ಗರಸಿನಲ್ಲಿ ಮಾತ್ರ ಹಿಡಿಯುತ್ತದೆ. ಆದಿಲಶಾಹಿಗಳಿಗೆ ಇದು ಗೊತ್ತಿತ್ತು. ತೊರವಿಯಿಂದ ಕಲ್ಲಿನೊಳಗೆ ಸುರಂಗ ತೋಡಿ ಒಸರುವ ನೀರನ್ನು ಊರಿಗೆ ತಂದರು, 1620ರಲ್ಲಿ ತಾಜ್ ಬಾವಡಿ ಕಟ್ಟಿದರು, 1651ರಲ್ಲಿ ಬೇಗಂ ತಾಲಾಬ್. ಕಲ್ಲಿನ ಕೈಲಾಗದ್ದನ್ನು ಅದರಿಂದ ಕೇಳಲಿಲ್ಲ. ಸುಣ್ಣಗಲ್ಲಿನ ರೀತಿ ಬೇರೆ, ಕರಗಿ ಪೊಟರೆಯಾದ ಕಡೆ ಹೊಳೆಯಷ್ಟು ಕೊಟ್ಟು ಪಕ್ಕದಲ್ಲೇ ಒಣಗಿಸುತ್ತದೆ. ಮರಳುಗಲ್ಲಿನ ಗುಡ್ಡ ಮಳೆಯನ್ನು ಸೀಳುಗಳಲ್ಲಿ ಇಳಿಸಿಕೊಂಡು ಬುಡದಲ್ಲಿ ಬಿಡುತ್ತದೆ. ಮಹಾಕೂಟದ ಪುಷ್ಕರಿಣಿಯ ಚಿಲುಮೆ ಬೇಸಿಗೆಯಲ್ಲೂ ಬತ್ತದಿರುವುದು ಅದರಿಂದ. ಆದರೆ ಸಾವಿರ ಅಡಿಯ ಕೆಳಗೆ ಮರಳುಗಲ್ಲು ಸಿಕ್ಕರೂ ಅಲ್ಲಿ ಮಹಾಕೂಟ ಸಿಕ್ಕೀತೆಂದು ಯಾರಿಗೂ ಆಸೆ ಹಚ್ಚಲಾರೆ. ನೂರು ಕೋಟಿ ವರ್ಷ ಭಾರ ಹೊತ್ತ ಮರಳು ಬಿಗಿಯಾಗಿ ಬೆಸೆದಿರುತ್ತದೆ. ಕೃಷ್ಣೆಯ ನೀರು ಏತದಲ್ಲಿ ಹತ್ತಿ ಈ ಕಡೆಯ ಕೆರೆಗಳಿಗೆ ಬರುತ್ತಿರುವಾಗ ಅದಕ್ಕೇ ಕೈಮುಗಿಯುವುದು ಮೇಲು.

ಆದರೂ ತಿಳಿಯುವ ದಾರಿ ನಮ್ಮ ಕಣ್ಣೆದುರೇ ಇದೆ. ಸರ್ಕಾರಿ ಅಂತರ್ಜಲ ಸಂಸ್ಥೆಗಳು ತಮ್ಮ ಬಾವಿಗಳ ಶಿಲಾವಿವರ ಬರೆದಿಡುತ್ತವೆ. ತಿಕೋಟಾ, ಬಬಲೇಶ್ವರದ ದ್ರಾಕ್ಷಿಯವರು ತಮ್ಮ ಸಾಲದಲ್ಲಿ ಕೊರೆಸುವ ಬೋರುಗಳ ಪುಡಿ ಯಾರಿಗೂ ಬೇಡ. ಐವತ್ತು ಅಡಿಗೊಂದು ಮುಷ್ಟಿ, ಒಂದು ಪ್ಲಾಸ್ಟಿಕ್ ಚೀಲ, ಮೇಲೊಂದು ಚೀಟಿ. ಶಾಲೆಯ ಮಕ್ಕಳೇ ಮಾಡಬಹುದಾದ ಕೆಲಸ. ಬೂದಿ ಮುಗಿದು ಎಂದಾದರೂ ಒಂದು ದಿನ ಬಿಳಿಮರಳು ಬಂದರೆ ಅದು ಬಂದದ್ದು ಎಲ್ಲಿ, ಎಷ್ಟು ಆಳಕ್ಕೆ ಎಂದು ನಕ್ಷೆಯಲ್ಲಿ ಚುಕ್ಕೆ ಇಡಬಹುದು. ದೇಶದ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳ ಪಟ್ಟಿಯಲ್ಲಿ ಲಾಲಬಾಗಿನ ಬಂಡೆಯಿದೆ, ಉಡುಪಿಯ ಸೇಂಟ್ ಮೇರಿ ದ್ವೀಪವಿದೆ, ಚಿತ್ರದುರ್ಗದ ಮರಡಿಹಳ್ಳಿ, ಕೋಲಾರದ ಪೆದ್ದಪಲ್ಲಿ ಇವೆ. ಕಲಾದಗಿ, ಬಾದಾಮಿ, ತಾಳಿಕೋಟಿಯ ಹೆಸರನ್ನು ನಾನು ಅದರಲ್ಲಿ ಕಂಡಿಲ್ಲ.

ಆ ರಾತ್ರಿಯ ಬೋರು ಎಂಟುನೂರು ಅಡಿಗೆ ನಿಂತಿತು. ಬೆಳಗಿನ ಜಾವ ಒಂದೂವರೆ ಇಂಚು ನೀರು ಬಂತು, ತೋಟದವರು ತೆಂಗಿನಕಾಯಿ ಒಡೆದರು. ಬಿಸಿಲೇರುವ ಹೊತ್ತಿಗೆ ಆ ನೀರೇ ಪುಡಿಯ ಗುಡ್ಡೆಯನ್ನು ಕೊಚ್ಚಿ ಬೂದಿ ಯಾವುದು ಕೆಂಪು ಯಾವುದು ತಿಳಿಯದಂತೆ ಕಲಸಿ, ಬದುವಿನ ತಗ್ಗಿಗೆ ಒಯ್ದು ತೆಳ್ಳಗೆ ಹಾಸಿತ್ತು. ಅದರ ಮೇಲೆ ಆಗಲೇ ಒಂದು ಟಿಟ್ಟಿಭ ನಡೆದು ಹೋದ ಹೆಜ್ಜೆಗಳಿದ್ದವು.